ಅಸ್ವಾಭಾವಿಕ ಮರಣಗಳು: ವಯಸ್ಸು ಹಾಗೂ ಲಿಂಗವಾರು ದೀರ್ಘಕಾಲಿಕ ಪ್ರವೃತ್ತಿ – ಸಾರ್ವಜನಿಕರ ಮಾಹಿತಿಗಾಗಿ ಒಂದು ವಿಶ್ಲೇಷಣೆ

1. ಪೀಠಿಕೆ

ಕೊಲೆ, ಆತ್ಮಹತ್ಯೆ, ರಸ್ತೆ ಅಪಘಾತ, ಬೆಂಕಿ ಅವಘಡ ಮುಂತಾದ ಕಾರಣಗಳಿಂದ ಸಂಭವಿಸುವ ಮರಣಗಳನ್ನು ಅಸ್ವಾಭಾವಿಕ ಮರಣಗಳೆಂದು ಪರಿಗಣಿಸಲಾಗುತ್ತದೆ. ಇಂತಹ ಮರಣ ಸಂಭವಿಸಿದ ಕುಟುಂಬದವರು ಮರಣ ಪ್ರಮಾಣ ಪತ್ರ, ಮರಣೋತ್ತರ ಪರೀಕ್ಷಾ ವರದಿಯ ಪ್ರತಿ, ವಿಮಾ ಹಣ, ಅಪಘಾತ ಪರಿಹಾರ ಮೊದಲಾದವುಗಳಿಗಾಗಿ ವಿವಿಧ ಕಛೇರಿಗಳಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಆ ಸಂದರ್ಭದಲ್ಲಿ ಮೃತರ ವಯಸ್ಸು, ಲಿಂಗ, ಉದ್ಯೋಗ ಮತ್ತು ಮರಣದ ಕಾರಣವನ್ನು ಏಕೆ ಕೇಳಲಾಗುತ್ತದೆ, ಆ ವಿವರಗಳನ್ನು ಏತಕ್ಕಾಗಿ ಬಳಸಲಾಗುತ್ತದೆ ಎಂಬ ಪ್ರಶ್ನೆ ಅನೇಕರಲ್ಲಿ ಮೂಡುವುದು ಸಹಜ.

ಕಳೆದ ಮೂರು ದಶಕಗಳ ಅಂಕಿಅಂಶಗಳು ಏನನ್ನು ತಿಳಿಸುತ್ತವೆ, ಯಾವುದನ್ನು ಮರೆಮಾಚುತ್ತವೆ ಹಾಗೂ ಒಂದು ಕುಟುಂಬವು ನಮೂನೆಯಲ್ಲಿ ಭರ್ತಿ ಮಾಡುವ ವಿವರಕ್ಕೂ ಈ ಅಂಕಿಅಂಶಗಳಿಗೂ ಇರುವ ಸಂಬಂಧವೇನು ಎಂಬುದನ್ನು ಸಾರ್ವಜನಿಕರಿಗೆ ತಿಳಿಯಪಡಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ಅಂಕಿಅಂಶಗಳ ಮೂಲ

ಅಸ್ವಾಭಾವಿಕ ಮರಣಗಳ ಬಗ್ಗೆ ನಮ್ಮ ದೇಶದಲ್ಲಿ ಮುಖ್ಯವಾಗಿ ಮೂರು ಬಗೆಯ ಮೂಲಗಳಿವೆ. ಮೊದಲನೆಯದು, ಪೊಲೀಸ್ ಠಾಣೆಗಳ ದಾಖಲೆ. ಇದನ್ನು 1986ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕ್ರೋಡೀಕರಿಸಿ ವಾರ್ಷಿಕ ವರದಿಗಳ ರೂಪದಲ್ಲಿ ಪ್ರಕಟಿಸುತ್ತದೆ. ರಸ್ತೆ ಅಪಘಾತಗಳ ಬಗ್ಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಪ್ರತ್ಯೇಕ ವರದಿಯನ್ನು ಹೊರಡಿಸುತ್ತದೆ. ಎರಡನೆಯದು, ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮ, 1969ರ ಅನ್ವಯ ನಡೆಯುವ ಮರಣ ನೋಂದಣಿ ಹಾಗೂ ವೈದ್ಯರು ನೀಡುವ ಮರಣ ಕಾರಣದ ಪ್ರಮಾಣ ಪತ್ರ. ಮೂರನೆಯದು, ಮನೆಮನೆಗೆ ಭೇಟಿ ನೀಡಿ ಮರಣದ ಸನ್ನಿವೇಶವನ್ನು ಕುಟುಂಬದವರಿಂದಲೇ ಕೇಳಿ ತಿಳಿಯುವ ಮಾದರಿ ಸಮೀಕ್ಷೆಗಳು. ಭಾರತದ ಮಹಾ ನೋಂದಣಾಧಿಕಾರಿಯವರ ಸಹಯೋಗದಲ್ಲಿ ನಡೆದ "ಹತ್ತು ಲಕ್ಷ ಮರಣಗಳ ಅಧ್ಯಯನ"ವು ಈ ಮೂರನೇ ಬಗೆಗೆ ಸೇರಿದ್ದಾಗಿದೆ.

ಇವುಗಳ ಪೈಕಿ ಎರಡನೆಯ ಮೂಲವೇ ಅತ್ಯಂತ ವಿಶ್ವಾಸಾರ್ಹವಾಗಿರಬೇಕಾಗಿತ್ತು. ಆದರೆ 2020ರಲ್ಲಿ ದೇಶದಲ್ಲಿ ನೋಂದಾಯಿತವಾದ ಮರಣಗಳ ಪೈಕಿ ಕೇವಲ ಶೇ. 22.5ರಷ್ಟಕ್ಕೆ ಮಾತ್ರ ವೈದ್ಯಕೀಯವಾಗಿ ದೃಢೀಕರಿಸಿದ ಕಾರಣ ಲಭ್ಯವಿತ್ತು. ಆದುದರಿಂದ ದೀರ್ಘಾವಧಿಯ ಹೋಲಿಕೆಗೆ ಇಂದಿಗೂ ಪೊಲೀಸ್ ದಾಖಲೆಗಳನ್ನೇ ಹೆಚ್ಚಾಗಿ ಅವಲಂಬಿಸಬೇಕಾಗಿದೆ.

3. ಕೊಲೆ: ಇಳಿಕೆಯ ಹಾದಿ

ಸಾಮಾನ್ಯ ಜನರಲ್ಲಿರುವ ಭಾವನೆಗೆ ವ್ಯತಿರಿಕ್ತವಾಗಿ, ದೇಶದಲ್ಲಿ ಕೊಲೆ ಪ್ರಕರಣಗಳ ಪ್ರಮಾಣವು ಕಡಿಮೆಯಾಗಿದೆ. 1992ರಲ್ಲಿ 40,105 ಕೊಲೆ ಪ್ರಕರಣಗಳು ದಾಖಲಾಗಿದ್ದವು. ಅಂದರೆ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಸುಮಾರು 4.6. 2022ರಲ್ಲಿ ದಾಖಲಾದ ಪ್ರಕರಣಗಳು 28,522; ಪ್ರತಿ ಲಕ್ಷಕ್ಕೆ ಸುಮಾರು 2.1. 2023ರಲ್ಲಿ ಈ ಸಂಖ್ಯೆ 27,721ಕ್ಕೆ ಇಳಿದಿದೆ. ಮೂರು ದಶಕಗಳಲ್ಲಿ ಜನಸಂಖ್ಯೆ ಗಣನೀಯವಾಗಿ ಏರಿದ್ದರೂ ಕೊಲೆಯ ದರ ಅರ್ಧಕ್ಕಿಂತ ಕೆಳಗೆ ಬಂದಿದೆ.

ಕೊಲೆಗೀಡಾದವರ ಪೈಕಿ ಸುಮಾರು ಶೇ. 70ರಷ್ಟು ಮಂದಿ ಪುರುಷರು. ಆದಾಗ್ಯೂ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಿಶ್ವಸಂಸ್ಥೆಯ ಅಧ್ಯಯನಗಳ ಪ್ರಕಾರ ಜಗತ್ತಿನಾದ್ಯಂತ ಕೊಲೆಗೀಡಾಗುವವರಲ್ಲಿ ಪುರುಷರ ಪಾಲು ಸುಮಾರು ಶೇ. 80. ಅಂದರೆ ಕೊಲೆಗೀಡಾದವರಲ್ಲಿ ಮಹಿಳೆಯರ ಪಾಲು ಜಾಗತಿಕ ಸರಾಸರಿಗಿಂತ ನಮ್ಮಲ್ಲಿ ಹೆಚ್ಚು. ಬೀದಿಯಲ್ಲಿ ನಡೆಯುವ ಹಿಂಸೆ ಪುರುಷರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡರೆ, ಮನೆಯೊಳಗಿನ ಹಿಂಸೆಗೆ ಬಲಿಯಾಗುವವರಲ್ಲಿ ಮಹಿಳೆಯರೇ ಹೆಚ್ಚು ಎಂಬುದನ್ನೂ ಅದೇ ಅಧ್ಯಯನಗಳು ತಿಳಿಸುತ್ತವೆ.

ವರದಕ್ಷಿಣೆ ಸಾವುಗಳನ್ನು ಪ್ರತ್ಯೇಕ ಅಪರಾಧವೆಂದು 1986ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿಸಲಾಯಿತು. ಇದೀಗ ಅದು 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 80ನೇ ಪ್ರಕರಣವಾಗಿರುತ್ತದೆ. 2011ರಲ್ಲಿ 8,618 ಹಾಗೂ 2022ರಲ್ಲಿ 6,450 ಇಂತಹ ಪ್ರಕರಣಗಳು ದಾಖಲಾಗಿವೆ. ಇಳಿಕೆ ಕಂಡುಬಂದಿದ್ದರೂ, 2022ರಲ್ಲಿಯೂ ದಿನವೊಂದಕ್ಕೆ ಸರಾಸರಿ ಹದಿನೇಳಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು ಎಂಬುದು ಆತಂಕದ ವಿಷಯವಾಗಿದೆ.

4. ರಸ್ತೆ ಅಪಘಾತ: ದುಡಿಯುವ ವಯಸ್ಸಿನ ಪುರುಷರ ಮರಣ

ಕೊಲೆ ಇಳಿಮುಖವಾದ ಅವಧಿಯಲ್ಲೇ ರಸ್ತೆ ಅಪಘಾತದ ಮರಣಗಳು ದ್ವಿಗುಣಗೊಂಡಿವೆ. 2000ದಲ್ಲಿ 78,911, 2010ರಲ್ಲಿ 1,34,513, 2022ರಲ್ಲಿ 1,68,491 ಹಾಗೂ 2023ರಲ್ಲಿ 1,72,890 ಮಂದಿ ರಸ್ತೆಗಳಲ್ಲಿ ಮೃತಪಟ್ಟಿದ್ದಾರೆ. ಕೋವಿಡ್ ನಿರ್ಬಂಧಗಳಿದ್ದ 2020ರಲ್ಲಿ ಮಾತ್ರ ಈ ಸಂಖ್ಯೆ 1,31,714ಕ್ಕೆ ಇಳಿದು, ಮರುವರ್ಷವೇ ಮತ್ತೆ ಏರಿತು. ಕರ್ನಾಟಕದಲ್ಲಿ 2022ರಲ್ಲಿ 11,702 ಹಾಗೂ 2023ರಲ್ಲಿ 12,321 ಮಂದಿ ರಸ್ತೆ ಅಪಘಾತಗಳಲ್ಲಿ ಪ್ರಾಣ ಕಳೆದುಕೊಂಡಿರುತ್ತಾರೆ.

2022ರಲ್ಲಿ ದೇಶದಲ್ಲಿ ಮೃತಪಟ್ಟವರ ಪೈಕಿ ಶೇ. 66.5ರಷ್ಟು ಮಂದಿ 18ರಿಂದ 45 ವರ್ಷದೊಳಗಿನವರು. 18ರಿಂದ 60 ವರ್ಷದವರೆಗಿನ ದುಡಿಯುವ ವಯೋಮಾನದವರನ್ನು ಒಟ್ಟಾಗಿ ಪರಿಗಣಿಸಿದರೆ ಈ ಪಾಲು ಶೇ. 83.4 ಆಗುತ್ತದೆ. ಪುರುಷರ ಪಾಲು ಸುಮಾರು ಶೇ. 86. ಮೃತರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನ ಸವಾರರು ಹಾಗೂ ಹಿಂಬದಿ ಸವಾರರಾದರೆ, ಸುಮಾರು ಐದನೇ ಒಂದು ಭಾಗ ಪಾದಚಾರಿಗಳು. ಹೆಲ್ಮೆಟ್ ಧರಿಸದೆ ಮೃತಪಟ್ಟವರ ಸಂಖ್ಯೆಯೇ 50,029.

ಈ ಸಂಖ್ಯೆಗಳ ಅರ್ಥ ಸ್ಪಷ್ಟವಾಗಿದೆ. ರಸ್ತೆಯಲ್ಲಿ ಮಡಿಯುವ ವ್ಯಕ್ತಿ ಬಹುತೇಕ ಸಂದರ್ಭಗಳಲ್ಲಿ ಕುಟುಂಬದ ಮುಖ್ಯ ದುಡಿಮೆಗಾರನಾಗಿರುತ್ತಾನೆ. ಆತನ ಮರಣದ ನಂತರ ಕಛೇರಿಗಳಿಗೆ ಅಲೆಯುವ ಹೊಣೆ ಪತ್ನಿ, ವೃದ್ಧ ತಂದೆತಾಯಿ ಅಥವಾ ಇನ್ನೂ ಓದುತ್ತಿರುವ ಮಕ್ಕಳ ಮೇಲೆ ಬೀಳುತ್ತದೆ.

5. ಆತ್ಮಹತ್ಯೆ: ಬದಲಾಗುತ್ತಿರುವ ಲಿಂಗಾನುಪಾತ

ಆತ್ಮಹತ್ಯೆಯ ಬಗೆಗಿನ ಪೊಲೀಸ್ ದಾಖಲೆಗಳ ದೇಶವ್ಯಾಪಿ ಅಂಕಿಅಂಶ ಈ ಕೆಳಕಂಡಂತಿದೆ.

ವರ್ಷ 2000: ಒಟ್ಟು 1,08,593, ಪುರುಷರು 66,032, ಮಹಿಳೆಯರು 42,561.
ವರ್ಷ 2010: ಒಟ್ಟು 1,34,599, ಪುರುಷರು 87,180, ಮಹಿಳೆಯರು 47,419.
ವರ್ಷ 2022: ಒಟ್ಟು 1,70,924, ಪುರುಷರು 1,22,724, ಮಹಿಳೆಯರು 48,172, ತೃತೀಯ ಲಿಂಗಿಗಳು 28.

2000ದಿಂದ 2022ರ ಅವಧಿಯಲ್ಲಿ ಪುರುಷರ ಆತ್ಮಹತ್ಯೆಗಳ ಸಂಖ್ಯೆ ಶೇ. 86ರಷ್ಟು ಹೆಚ್ಚಿದ್ದರೆ, ಮಹಿಳೆಯರದು ಶೇ. 13ರಷ್ಟು ಮಾತ್ರ ಹೆಚ್ಚಿದೆ. ಇದೇ ಅವಧಿಯಲ್ಲಿ ಜನಸಂಖ್ಯೆಯು ಸುಮಾರು ಮೂರನೇ ಒಂದು ಭಾಗದಷ್ಟು ಏರಿರುವುದರಿಂದ, ಜನಸಂಖ್ಯೆಗೆ ಹೋಲಿಸಿದಾಗ ಮಹಿಳೆಯರಲ್ಲಿ ದರ ಇಳಿದಿದೆ, ಪುರುಷರಲ್ಲಿ ಏರಿದೆ. 2000ದಲ್ಲಿ ಹತ್ತು ಮಂದಿಯಲ್ಲಿ ಸುಮಾರು ನಾಲ್ವರು ಮಹಿಳೆಯರಿದ್ದರೆ, 2022ರಲ್ಲಿ ಮೂವರಿಗಿಂತ ಕಡಿಮೆ. ಮೃತರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ದಿನಗೂಲಿ ಕಾರ್ಮಿಕರು. ಒಟ್ಟು ಆತ್ಮಹತ್ಯೆಗಳಲ್ಲಿ ಸುಮಾರು ಮೂರನೇ ಎರಡು ಭಾಗ 18ರಿಂದ 45 ವರ್ಷದೊಳಗಿನವರದು. ಕರ್ನಾಟಕದಲ್ಲಿ 2022ರಲ್ಲಿ 13,606 ಪ್ರಕರಣಗಳು ವರದಿಯಾಗಿದ್ದು, ರಾಜ್ಯಗಳ ಪೈಕಿ ಇದು ನಾಲ್ಕನೇ ಸ್ಥಾನದಲ್ಲಿರುತ್ತದೆ.

ಹದಿನೆಂಟು ವರ್ಷದೊಳಗಿನವರ ಚಿತ್ರಣ ಮಾತ್ರ ಭಿನ್ನವಾಗಿದೆ. 2020ರಲ್ಲಿ ಈ ವಯೋಮಾನದ 11,396 ಮಕ್ಕಳು ಆತ್ಮಹತ್ಯೆಯಿಂದ ಮೃತಪಟ್ಟಿದ್ದು, ಅವರಲ್ಲಿ ಬಾಲಕರು 5,392, ಬಾಲಕಿಯರು 6,004. ಎಲ್ಲ ವಯಸ್ಸಿನವರನ್ನು ಒಟ್ಟುಗೂಡಿಸಿ ನೋಡಿದಾಗ ಪುರುಷರ ಸಂಖ್ಯೆಯೇ ಎದ್ದು ಕಾಣುತ್ತದೆ. ವಯಸ್ಸನ್ನು ಬೇರ್ಪಡಿಸಿ ನೋಡಿದಾಗ ಮಾತ್ರ ಬಾಲಕಿಯರ ಸಂಕಷ್ಟ ಬೆಳಕಿಗೆ ಬರುತ್ತದೆ. ವಯಸ್ಸು ಮತ್ತು ಲಿಂಗ ಎರಡನ್ನೂ ಒಟ್ಟಿಗೆ ದಾಖಲಿಸಬೇಕಾದ ಅಗತ್ಯವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ವಿರಳ.

ಪೊಲೀಸ್ ದಾಖಲೆಯ ಹೊರಗಿನ ಅಧ್ಯಯನಗಳೂ ಇದನ್ನು ಪುಷ್ಟೀಕರಿಸುತ್ತವೆ. ಲ್ಯಾನ್ಸೆಟ್ ಸಮೂಹದ ವೈದ್ಯಕೀಯ ಪತ್ರಿಕೆಯಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದಂತೆ, 1990ರಿಂದ 2016ರ ಅವಧಿಯಲ್ಲಿ ಭಾರತದ ಮಹಿಳೆಯರಲ್ಲಿ ಆತ್ಮಹತ್ಯೆಯ ದರ ಸುಮಾರು ಶೇ. 27ರಷ್ಟು ಇಳಿದಿದ್ದರೆ, ಪುರುಷರಲ್ಲಿ ಗಮನಾರ್ಹ ಬದಲಾವಣೆ ಆಗಿರುವುದಿಲ್ಲ. ಹಾಗಿದ್ದರೂ 2016ರಲ್ಲಿ ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟ ಒಟ್ಟು ಮಹಿಳೆಯರಲ್ಲಿ ಶೇ. 36.6ರಷ್ಟು ಭಾರತೀಯರಾಗಿದ್ದರು. ಇಳಿಕೆಯನ್ನು ಸಮಾಧಾನವೆಂದು ಭಾವಿಸುವಂತಿಲ್ಲ.

6. ದಾಖಲೆಯಲ್ಲಿ ಮರೆಯಾಗುವ ಮರಣಗಳು

ಮೇಲ್ಕಂಡ ಅಂಕಿಅಂಶಗಳನ್ನು ಓದುವಾಗ, ಎಲ್ಲ ಮರಣಗಳೂ ಸರಿಯಾದ ಶೀರ್ಷಿಕೆಯಡಿ ದಾಖಲಾಗಿರುವುದಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. "ಹತ್ತು ಲಕ್ಷ ಮರಣಗಳ ಅಧ್ಯಯನ"ವು 2010ರಲ್ಲಿ 15 ವರ್ಷ ಮೇಲ್ಪಟ್ಟವರ ಸುಮಾರು 1,87,000 ಆತ್ಮಹತ್ಯೆಗಳು ಸಂಭವಿಸಿವೆ ಎಂದು ಅಂದಾಜು ಮಾಡಿದೆ. ಪುರುಷರು ಸುಮಾರು 1,15,000, ಮಹಿಳೆಯರು ಸುಮಾರು 72,000. ಆ ವರ್ಷದ ಪೊಲೀಸ್ ದಾಖಲೆಯೊಂದಿಗೆ ಇದನ್ನು ಹೋಲಿಸಿದರೆ, ಪುರುಷರ ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಭಾಗ ದಾಖಲಾಗಿದ್ದರೆ, ಮಹಿಳೆಯರ ಪ್ರಕರಣಗಳಲ್ಲಿ ದಾಖಲಾದದ್ದು ಮೂರನೇ ಎರಡು ಭಾಗ ಮಾತ್ರ. ಮರೆಯಾಗುವುದರಲ್ಲಿಯೂ ಮಹಿಳೆಯರ ಪಾಲು ಹೆಚ್ಚು.

ಬೆಂಕಿ ಅವಘಡಗಳ ವಿಷಯದಲ್ಲಿ ಈ ಅಂತರ ಇನ್ನೂ ದೊಡ್ಡದು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2001ರಲ್ಲಿ ದೇಶದಲ್ಲಿ ಬೆಂಕಿಯಿಂದ ಸಂಭವಿಸಿದ ಮರಣಗಳು ಸುಮಾರು 1,63,000. ಇದು ಪೊಲೀಸ್ ದಾಖಲೆಯ ಸುಮಾರು ಆರು ಪಟ್ಟು. ಅವರಲ್ಲಿ ಸುಮಾರು 1,06,000 ಮಂದಿ ಮಹಿಳೆಯರು, ಬಹುತೇಕರು 15ರಿಂದ 34 ವರ್ಷದೊಳಗಿನವರು. ಇದೇ ವಯಸ್ಸಿನ ಪುರುಷರಿಗೆ ಹೋಲಿಸಿದರೆ ಯುವತಿಯರ ಮರಣ ಮೂರು ಪಟ್ಟು ಅಧಿಕ. "ಸ್ಟೌ ಸಿಡಿದು ಸಾವು" ಎಂಬ ಒಂದೇ ಸಾಲಿನಲ್ಲಿ ಅಪಘಾತ, ಆತ್ಮಹತ್ಯೆ ಹಾಗೂ ಕೊಲೆ ಮೂರೂ ಅಡಗಿರುವ ಸಂಭವವಿತ್ತು. ಆನಂತರದ ವರ್ಷಗಳಲ್ಲಿ ಪೊಲೀಸ್ ದಾಖಲೆಯ ಪ್ರಕಾರ ಬೆಂಕಿ ಅವಘಡದ ಮರಣಗಳು 2015ರಲ್ಲಿ 17,700 ಇದ್ದದ್ದು 2022ರಲ್ಲಿ 7,435ಕ್ಕೆ ಇಳಿದಿವೆ. ಅಡುಗೆ ಅನಿಲ ಮತ್ತು ವಿದ್ಯುತ್ ಬಳಕೆಯ ವಿಸ್ತರಣೆ ನಡೆದಿರುವುದೂ ಇದೇ ಅವಧಿಯಲ್ಲಿ.

ಉದ್ಯೋಗದ ಅಂಕಣವೂ ಇದೇ ರೀತಿ ದಾರಿ ತಪ್ಪಿಸಬಹುದು. 2022ರಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟವರ ಪೈಕಿ 25,309 ಮಂದಿಯನ್ನು "ಗೃಹಿಣಿ" ಎಂದು ವರ್ಗೀಕರಿಸಲಾಗಿದೆ. ವರ್ಷವಿಡೀ ಹೊಲದಲ್ಲಿ ದುಡಿದ ಮಹಿಳೆಯೂ, ಪಹಣಿಯಲ್ಲಿ ಆಕೆಯ ಹೆಸರಿಲ್ಲದ ಕಾರಣ, ದಾಖಲೆಯಲ್ಲಿ ಗೃಹಿಣಿಯಾಗಿಯೇ ಉಳಿಯುವ ಸಾಧ್ಯತೆ ಇರುತ್ತದೆ. ಇದಲ್ಲದೆ ಬ್ಯೂರೋ ತನ್ನ ನಮೂನೆಗಳನ್ನು 2014ರಲ್ಲಿ ಪರಿಷ್ಕರಿಸಿರುವುದರಿಂದ, ವಯೋಮಾನ ಹಾಗೂ ಉದ್ಯೋಗದ ವರ್ಗಗಳನ್ನು ಅದರ ಹಿಂದಿನ ವರ್ಷಗಳೊಂದಿಗೆ ನೇರವಾಗಿ ಹೋಲಿಸುವುದು ಸೂಕ್ತವಲ್ಲ.

7. ಮರಣದ ಕಾರಣವನ್ನು ಮುಚ್ಚಿಡುವ ಅಗತ್ಯವಿಲ್ಲ

ಲೋಕಾಪವಾದದ ಭಯದಿಂದ, ಮನೆಯ ಇತರ ಮಕ್ಕಳ ವಿವಾಹಕ್ಕೆ ಅಡ್ಡಿಯಾದೀತೆಂಬ ಅಳುಕಿನಿಂದ ಅಥವಾ ಪೊಲೀಸ್ ವಿಚಾರಣೆಯ ಹೆದರಿಕೆಯಿಂದ ಕೆಲವು ಕುಟುಂಬಗಳು ಮರಣದ ನಿಜ ಕಾರಣವನ್ನು ತಿಳಿಸಲು ಹಿಂಜರಿಯುತ್ತವೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ಗಮನಕ್ಕೆ ಎರಡು ವಿಷಯಗಳನ್ನು ತರಬಯಸಲಾಗಿದೆ.

ಮೊದಲನೆಯದಾಗಿ, ಮರಣ ಪ್ರಮಾಣ ಪತ್ರದಲ್ಲಿ ಮರಣದ ಕಾರಣವನ್ನು ನಮೂದಿಸಲಾಗುವುದಿಲ್ಲ. 1969ರ ಅಧಿನಿಯಮದ 17ನೇ ಪ್ರಕರಣದ ಅನ್ವಯ, ನೋಂದಣಿ ಪುಸ್ತಕದಲ್ಲಿ ದಾಖಲಾಗಿರುವ ಮರಣದ ಕಾರಣವನ್ನು ಯಾವುದೇ ವ್ಯಕ್ತಿಗೆ ನೀಡುವ ಉದ್ಧೃತ ಭಾಗದಲ್ಲಿ ಬಹಿರಂಗಪಡಿಸುವಂತಿಲ್ಲ. ಬ್ಯಾಂಕು, ಶಾಲೆ ಅಥವಾ ಖಾತೆ ಬದಲಾವಣೆಗಾಗಿ ಪ್ರಮಾಣ ಪತ್ರವನ್ನು ಹಾಜರುಪಡಿಸಿದಾಗ, ವ್ಯಕ್ತಿ ಹೇಗೆ ಮೃತಪಟ್ಟರೆಂಬುದು ಅದರಿಂದ ತಿಳಿಯುವುದಿಲ್ಲ.

ಎರಡನೆಯದಾಗಿ, ಆತ್ಮಹತ್ಯೆಗೆ ಪ್ರಯತ್ನಿಸುವುದನ್ನು ಶಿಕ್ಷಾರ್ಹಗೊಳಿಸಿದ್ದ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಅನ್ನು ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿಸಿಕೊಂಡಿಲ್ಲ. ಸರ್ಕಾರಿ ನೌಕರನ ಮೇಲೆ ಒತ್ತಡ ಹೇರುವ ಉದ್ದೇಶದಿಂದ ಮಾಡುವ ಪ್ರಯತ್ನಕ್ಕೆ ಮಾತ್ರ ಅದರಲ್ಲಿ ಪ್ರತ್ಯೇಕ ಉಪಬಂಧವಿದೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಸಹ ಇಂತಹ ವ್ಯಕ್ತಿಯನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲಿರಿಸಿದೆ. ಆದುದರಿಂದ ಚಿಕಿತ್ಸೆಗಾಗಿ ಆಸ್ಪತ್ರೆಗೆ ಕರೆತರುವಾಗ ನಿಜಾಂಶವನ್ನು ವೈದ್ಯರಿಗೆ ತಿಳಿಸಲು ಹಿಂಜರಿಯಬಾರದು. ವಿಳಂಬದಿಂದ ಜೀವ ಹೋಗುವ ಸಂಭವವಿರುತ್ತದೆ.

ಮದುವೆಯಾದ ಏಳು ವರ್ಷಗಳೊಳಗೆ ಮಹಿಳೆಯು ಆತ್ಮಹತ್ಯೆ ಮಾಡಿಕೊಂಡಲ್ಲಿ ಅಥವಾ ಸಂಶಯಾಸ್ಪದವಾಗಿ ಮೃತಪಟ್ಟಲ್ಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ಮತ್ತು 196ನೇ ಪ್ರಕರಣಗಳ ಅನ್ವಯ ಶವದ ವೈದ್ಯಕೀಯ ಪರೀಕ್ಷೆ ಹಾಗೂ ದಂಡಾಧಿಕಾರಿಯವರ ವಿಚಾರಣೆಗೆ ಅವಕಾಶ ಕಲ್ಪಿಸಲಾಗಿದೆ. ಇದು ಕುಟುಂಬಕ್ಕೆ ಕಿರುಕುಳ ನೀಡುವ ಕ್ರಮವಲ್ಲ. ಮೃತಳ ಪರವಾಗಿ ಮಾತನಾಡಲು ಆಕೆಯೇ ಇಲ್ಲದಿರುವಾಗ ಕಾನೂನು ಮಾಡಿಕೊಟ್ಟಿರುವ ವ್ಯವಸ್ಥೆ. ಅಂತ್ಯಕ್ರಿಯೆಯನ್ನು ಅವಸರದಲ್ಲಿ ಮುಗಿಸಿದಲ್ಲಿ ಈ ಅವಕಾಶ ಶಾಶ್ವತವಾಗಿ ತಪ್ಪಿಹೋಗುತ್ತದೆ.

8. ಸರಿಯಾದ ವಯಸ್ಸಿನ ಮಹತ್ವ: ಒಂದು ಉದಾಹರಣೆ

ಮೋಟಾರು ಅಪಘಾತ ಪರಿಹಾರದ ಲೆಕ್ಕಾಚಾರದಲ್ಲಿ ಮೃತರ ವಯಸ್ಸಿಗೆ ಅನುಗುಣವಾದ ಗುಣಕವನ್ನು ಸರ್ವೋಚ್ಚ ನ್ಯಾಯಾಲಯವು ಸರಳಾ ವರ್ಮಾ ಪ್ರಕರಣದ 2009ರ ತೀರ್ಪಿನಲ್ಲಿ ನಿಗದಿಪಡಿಸಿದೆ. 31ರಿಂದ 35 ವರ್ಷದವರಿಗೆ ಗುಣಕ 16. 41ರಿಂದ 45 ವರ್ಷದವರಿಗೆ 14. ಮೃತ ಕಾರ್ಮಿಕನೊಬ್ಬನ ನಿಜವಾದ ವಯಸ್ಸು 34 ಎಂದೂ, ದಾಖಲೆಯಿಲ್ಲದ ಕಾರಣ ಮರಣೋತ್ತರ ಪರೀಕ್ಷಾ ವರದಿಯಲ್ಲಿ "ಸುಮಾರು 42" ಎಂದು ಬರೆಯಲಾಗಿದೆಯೆಂದೂ ಭಾವಿಸೋಣ. ಕುಟುಂಬಕ್ಕಾದ ವಾರ್ಷಿಕ ಆದಾಯ ನಷ್ಟ 1,20,000 ರೂಪಾಯಿ ಎಂದಾದಲ್ಲಿ, ಸರಿಯಾದ ವಯಸ್ಸಿಗೆ 19,20,000 ರೂಪಾಯಿ ಹಾಗೂ ತಪ್ಪು ವಯಸ್ಸಿಗೆ 16,80,000 ರೂಪಾಯಿ ಆಗುತ್ತದೆ. ಎರಡರ ನಡುವಿನ ವ್ಯತ್ಯಾಸ 2,40,000 ರೂಪಾಯಿ. ಇದು ಸರಳೀಕರಿಸಿದ ಲೆಕ್ಕವಾಗಿದ್ದು, ನ್ಯಾಯಮಂಡಳಿಯು ಇತರ ಅಂಶಗಳನ್ನೂ ಪರಿಗಣಿಸುತ್ತದೆ. ಆದರೂ ಒಂದು ಅಂದಾಜಿನ ಸಂಖ್ಯೆಯು ಕುಟುಂಬವೊಂದರ ಎರಡು ವರ್ಷಗಳ ಆದಾಯವನ್ನೇ ಕಸಿಯಬಲ್ಲದು ಎಂಬುದನ್ನು ಇದರಿಂದ ತಿಳಿಯಬಹುದಾಗಿದೆ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ಮರಣವನ್ನು 21 ದಿನಗಳೊಳಗಾಗಿ ಸಂಬಂಧಪಟ್ಟ ಜನನ ಮತ್ತು ಮರಣ ನೋಂದಣಾಧಿಕಾರಿಯವರಿಗೆ ವರದಿ ಮಾಡತಕ್ಕದ್ದು. ಮನೆಯಲ್ಲಿ ಸಂಭವಿಸಿದ ಮರಣವನ್ನು ಕುಟುಂಬದ ಮುಖ್ಯಸ್ಥರು, ಆಸ್ಪತ್ರೆಯಲ್ಲಿ ಸಂಭವಿಸಿದ ಮರಣವನ್ನು ಆಸ್ಪತ್ರೆಯ ಪ್ರಭಾರ ವೈದ್ಯಾಧಿಕಾರಿ ವರದಿ ಮಾಡಬೇಕಾಗಿರುತ್ತದೆ.

(ಆ) ಪೊಲೀಸ್ ತನಿಖೆ ನಡೆಯುತ್ತಿದೆ ಎಂಬ ಕಾರಣಕ್ಕೆ ಸದರಿ ಕಾಲಮಿತಿ ತಾನಾಗಿ ವಿಸ್ತರಣೆಯಾಗುವುದಿಲ್ಲ. ವೈದ್ಯರು ನೀಡುವ ನಮೂನೆ 4ರಲ್ಲಿ ಸ್ವಾಭಾವಿಕ, ಅಪಘಾತ, ಆತ್ಮಹತ್ಯೆ, ಕೊಲೆ ಎಂಬುದರ ಜೊತೆಗೆ "ತನಿಖೆ ಬಾಕಿ" ಎಂಬ ಆಯ್ಕೆಯೂ ಇರುತ್ತದೆ.

(ಇ) 2023ರ ತಿದ್ದುಪಡಿಯಂತೆ, 30 ದಿನಗಳ ನಂತರ ಒಂದು ವರ್ಷದೊಳಗಿನ ವಿಳಂಬ ನೋಂದಣಿಗೆ ಜಿಲ್ಲಾ ನೋಂದಣಾಧಿಕಾರಿ ಅಥವಾ ಪ್ರಾಧಿಕೃತ ಅಧಿಕಾರಿಯವರ ಲಿಖಿತ ಅನುಮತಿ ಹಾಗೂ ಒಂದು ವರ್ಷ ಮೀರಿದಲ್ಲಿ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಪ್ರಾಧಿಕೃತ ಕಾರ್ಯನಿರ್ವಾಹಕ ದಂಡಾಧಿಕಾರಿಯವರ ಆದೇಶ ಅಗತ್ಯ.

(ಈ) ವರದಿ ನಮೂನೆ 2ರಲ್ಲಿ ವಯಸ್ಸನ್ನು ಅಂದಾಜಿನಿಂದ ಬರೆಯದೆ, ಶಾಲಾ ದಾಖಲೆ, ಜನನ ಪ್ರಮಾಣ ಪತ್ರ ಅಥವಾ ಇತರ ಗುರುತಿನ ದಾಖಲೆ ನೋಡಿ ಬರೆಯತಕ್ಕದ್ದು. ಶವ ಪಂಚನಾಮೆ ಹಾಗೂ ಮರಣೋತ್ತರ ಪರೀಕ್ಷೆಯ ಸಮಯದಲ್ಲಿಯೂ ಅದೇ ದಾಖಲೆಯನ್ನು ಹಾಜರುಪಡಿಸುವುದು.

(ಉ) ಮೃತ ಮಹಿಳೆಯು ಕೃಷಿ, ಕೂಲಿ ಅಥವಾ ಬೇರಾವುದೇ ದುಡಿಮೆಯಲ್ಲಿ ತೊಡಗಿದ್ದಲ್ಲಿ ಉದ್ಯೋಗದ ಅಂಕಣದಲ್ಲಿ ಅದನ್ನೇ ನಮೂದಿಸುವುದು.

(ಊ) ಅಪರಿಚಿತ ವಾಹನ ಡಿಕ್ಕಿ ಹೊಡೆದು ಪರಾರಿಯಾದ ಪ್ರಕರಣಗಳಲ್ಲಿ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಯೋಜನೆಯಡಿ ಮೃತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರ ನಿಗದಿಯಾಗಿದೆ. ಹಿಂದೆ ಇದು 25 ಸಾವಿರ ರೂಪಾಯಿಯಾಗಿತ್ತು.

10. ಉಪಸಂಹಾರ

ಮೂರು ದಶಕಗಳ ಅಂಕಿಅಂಶಗಳ ಸಾರಾಂಶವಿಷ್ಟು: ಕೊಲೆಯ ದರ ಇಳಿದಿದೆ, ರಸ್ತೆ ಅಪಘಾತ ಮತ್ತು ಆತ್ಮಹತ್ಯೆಗಳಲ್ಲಿ ದುಡಿಯುವ ವಯಸ್ಸಿನ ಪುರುಷರ ಮರಣ ಹೆಚ್ಚಿದೆ, ಯುವತಿಯರ ಮರಣ ಪ್ರಮಾಣ ಇಳಿದಿರುವಂತೆ ಕಂಡರೂ ಅದರ ಒಂದು ಭಾಗ ಇಂದಿಗೂ ತಪ್ಪು ಶೀರ್ಷಿಕೆಯಡಿ ಅಡಗಿದೆ. ಕೇಂದ್ರ ಸರ್ಕಾರವು 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿಯು 2030ರ ವೇಳೆಗೆ ಆತ್ಮಹತ್ಯೆಯ ಮರಣಗಳನ್ನು ಶೇ. 10ರಷ್ಟು ತಗ್ಗಿಸುವ ಗುರಿ ಹೊಂದಿದೆ. ಯಾವ ವಯಸ್ಸಿನವರು, ಎಲ್ಲಿ, ಯಾವ ಕಾರಣದಿಂದ ಮೃತಪಡುತ್ತಿದ್ದಾರೆ ಎಂಬುದು ಸರಿಯಾಗಿ ತಿಳಿಯದೆ ಇಂತಹ ಗುರಿಯ ಸಾಧನೆಯನ್ನು ಅಳೆಯಲು ಸಾಧ್ಯವಿಲ್ಲ.

ದುಃಖದಲ್ಲಿರುವ ಕುಟುಂಬಕ್ಕೆ ನಮೂನೆಯ ಅಂಕಣಗಳು ಹೊರೆಯೆನಿಸುವುದು ಇಲಾಖೆಗೆ ತಿಳಿಯದ ವಿಷಯವಲ್ಲ. ಆದರೆ ಆ ಅಂಕಣದಲ್ಲಿ ಬರೆಯುವ ಸತ್ಯವು ಮೃತರಿಗೆ ಸಲ್ಲಬೇಕಾದ ನ್ಯಾಯಕ್ಕೂ, ಮತ್ತೊಂದು ಮನೆಯಲ್ಲಿ ಇಂತಹದೇ ಮರಣವನ್ನು ತಪ್ಪಿಸುವುದಕ್ಕೂ ಆಧಾರವಾಗುತ್ತದೆ. ಆದುದರಿಂದ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.

ಸಹಾಯ ಅಗತ್ಯವಿರುವವರು ಈ ಕೆಳಕಂಡ ದೂರವಾಣಿ ಸಂಖ್ಯೆಗಳನ್ನು ಸಂಪರ್ಕಿಸಬಹುದು. ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ: 14416. ತುರ್ತು ಸ್ಪಂದನೆ: 112. ಆಂಬುಲೆನ್ಸ್: 108. ಮಹಿಳಾ ಸಹಾಯವಾಣಿ: 181. ಮಕ್ಕಳ ಸಹಾಯವಾಣಿ: 1098.